ಸದ್ದು ಮಾಡದ ವಾಲ್ವ್

ಗಾಡಿ ತಂದವರು ಬಾಯಿ ತೆರೆಯುವ ಮೊದಲೇ ನನ್ನ ಸೋದರಮಾವ ಅಂಗೈ ಎತ್ತಿ ತಡೆಯುತ್ತಿದ್ದರು: "ನೀವು ಸುಮ್ಮನಿರಿ, ಗಾಡಿ ಮಾತಾಡ್ಲಿ." ಮೆಕ್ಯಾನಿಕ್ ಆಗಿಯೇ ತಲೆ ನರೆತಿದ್ದ ಅವರಿಗೆ ಮನುಷ್ಯರ ವಿವರಣೆಗಳಲ್ಲಿ ಎಳ್ಳಷ್ಟೂ ವಿಶ್ವಾಸವಿರಲಿಲ್ಲ. ಬಾನೆಟ್ಟಿನತ್ತ ಹೊರಟರೆ ಬಲಭುಜ ಮುಂದೆ, ಮಿಕ್ಕ ದೇಹ ಹಿಂದೆ. ಕಿವಿಯೇ ಕೈಹಿಡಿದು ಕರೆದೊಯ್ಯುತ್ತಿದೆಯೇನೋ ಎಂಬಂಥ ನಡಿಗೆ. ಮೈಮೇಲೆ ಒಂದೊಂದು ಗುಂಡಿಯೂ ಒಂದೊಂದು ಬಣ್ಣದ ನೀಲಿ ಕೋಟು. ಅದನ್ನು ಒಗೆಯಲು ಬಿಚ್ಚಿಸಬೇಕಾದರೆ ಅತ್ತೆ ದೊಡ್ಡ ಪಂಚಾಯ್ತಿಯನ್ನೇ ನಡೆಸಬೇಕಿತ್ತು.

ಒಂದು ಬೆಳಿಗ್ಗೆ ಪಕ್ಕದ ಬೀದಿಯ ಟೈಲರ್ ತನ್ನ ಹಳೆಯ ಕಾರನ್ನು ತಂದ. ಎಂಜಿನ್ನಿನ ಸಂದುಗಳಿಂದ ಆಯಿಲ್ ಜಿನುಗುತ್ತಿತ್ತು. ಬೇರೆ ಗ್ಯಾರೇಜಿನವರು ಎಂಜಿನ್ನನ್ನೇ ಬಿಚ್ಚಬೇಕೆಂದು ಹೆದರಿಸಿದ್ದರಂತೆ. ಮಾವ ನಕ್ಕು, ಎಂಜಿನ್ನಿನ ಹೊಟ್ಟೆಯಲ್ಲಿ ಕಟ್ಟಿಕೊಳ್ಳುವ ಹೊಗೆಯನ್ನು ಹೊರಗೆಳೆಯುವ ಪುಟ್ಟ ವಾಲ್ವನ್ನು ಅದರ ರಬ್ಬರ್ ಬಳೆಯಿಂದ ಮೆಲ್ಲಗೆ ತಿರುಚಿ ಕಿತ್ತರು. ಆ ವಾಲ್ವ್ ಮುಚ್ಚಿಹೋದರೆ ಹೊಗೆಯ ಒತ್ತಡ ಆಯಿಲನ್ನು ಸಿಕ್ಕ ಸಂದಿಯಿಂದ ಹೊರದಬ್ಬುತ್ತದೆ. ಪರೀಕ್ಷೆ ಸುಲಭ: ಕಿವಿಯ ಬಳಿ ಅಲ್ಲಾಡಿಸಬೇಕು, ಒಳಗಿನ ತುಂಡು ಟಿಕ್ ಟಿಕ್ ಎಂದರೆ ಜೀವವಿದೆ, ಮೌನವಾದರೆ ಮುಗಿಯಿತು.

ಮಾವ ಅಲ್ಲಾಡಿಸಿದರು. ಮೌನ. "ಇದೇ ಕಳ್ಳ" ಎಂದು ಹೊಸದೊಂದರ ಪೊಟ್ಟಣ ಒಡೆದರು. ಅಭ್ಯಾಸದಂತೆ ಅದನ್ನೂ ಅಲ್ಲಾಡಿಸಿದರು. ಮುಖ ಗಂಟಾಯಿತು. ಇನ್ನೊಂದು ತೆಗೆದರು, ಅದನ್ನೂ ಅಲ್ಲಾಡಿಸಿ ಬೆಂಚಿನ ಮೇಲೆ ಕುಕ್ಕಿ, ಬಿಡಿಭಾಗದ ಅಂಗಡಿಗೆ ಫೋನ್ ಮಾಡಿ ಬೈಗುಳದ ಮಳೆ ಸುರಿಸಿದರು. ಬಾಗಿಲಲ್ಲಿ ನಿಂತಿದ್ದ ನನಗೆ ಆ ಹೊಸ ವಾಲ್ವುಗಳ ಸದ್ದು ಸ್ಪಷ್ಟವಾಗಿ ಕೇಳಿತ್ತು; ಟೈಲರನನ್ನು ಆಟವಾಡಿಸುತ್ತಿದ್ದಾರೆಂದೇ ಭಾವಿಸಿದೆ.

ಊಟದ ಡಬ್ಬಿ ಹಿಡಿದು ಬಂದ ಅತ್ತೆ ಬೆಂಚಿನ ಮೇಲಿದ್ದ ಹೊಸ ವಾಲ್ವೊಂದನ್ನು ಎತ್ತಿ ಅಲ್ಲಾಡಿಸಿದರು.

"ಸದ್ದು ಬರ್ತಿದೆಯಲ್ಲಾ ರೀ."

"ಎಲ್ಲಿ ಬರ್ತಿದೆ? ತಾ ಇಲ್ಲಿ."

ಅತ್ತೆ ಅದನ್ನು ಅವರ ಕಿವಿಗೇ ಹಿಡಿದು ಅಲ್ಲಾಡಿಸಿದರು. ಮಾವ ಆಕೆಯ ಕೈ ಆಡುವುದನ್ನೇ ನೋಡುತ್ತ ನಿಂತರು. ಮಾತು ಚೆನ್ನಾಗಿಯೇ ಕೇಳುತ್ತಿದ್ದ ಆ ಕಿವಿಯನ್ನು ಸೂಕ್ಷ್ಮ ಸದ್ದುಗಳು ಯಾವಾಗ ಕೈಬಿಟ್ಟು ಹೋದವೋ ಅವರಿಗೇ ತಿಳಿದಿರಲಿಲ್ಲ.

"ಎಲ್ಲದ್ರಲ್ಲೂ ಬರುತ್ತಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ಅತ್ತೆ ಒಂದೊಂದನ್ನೇ ಅಲ್ಲಾಡಿಸಿ ನೋಡಿದರು. "ಹಳೇದ್ರಲ್ಲಿ ಮಾತ್ರ ಇಲ್ಲ."

ಮಾವ ಸೋಪು ಹಚ್ಚಿ ಬಹಳ ಹೊತ್ತು ಕೈ ತೊಳೆದರು. ಆಮೇಲೆ ಅಂಗಡಿಗೆ ಮತ್ತೆ ಫೋನ್ ಮಾಡಿ, "ನಿಮ್ಮ ಮಾಲು ಸರಿಯಾಗಿದೆ ಕಣಯ್ಯ, ಕೆಟ್ಟಿರೋದು ನನ್ನ ಕಿವಿ" ಎಂದರು. ಟೈಲರನಿಗೂ ಅದನ್ನೇ ಹೇಳಿ, "ಬೇಕಾದ್ರೆ ಗಾಡಿ ತಗೊಂಡು ಹೋಗಿ" ಎಂದರು. ಟೈಲರ್ ಕದಲಲಿಲ್ಲ. "ನನಗೂ ಸೂಜಿಗೆ ದಾರ ಪೋಣಿಸೋದು ನನ್ನ ಹೆಂಡ್ತೀನೇ. ನೀವು ಮಾಡಿ ಸ್ವಾಮಿ."

ಹೊಸ ವಾಲ್ವನ್ನು ಕೊಳವೆಗೆ ಸಿಕ್ಕಿಸಿ, ಎಂಜಿನ್ ಚಾಲೂ ಮಾಡಿ, ಮಾವ ವಾಲ್ವಿನ ತೆರೆದ ಬಾಯಿಗೆ ಹೆಬ್ಬೆರಳನ್ನು ಒತ್ತಿದರು. ಒಳಗಿನ ಸೆಳೆತ ಬೆರಳನ್ನು ಕಚ್ಚಿ ಹಿಡಿಯಿತು. "ಎಳೀತಾ ಇದೆ" ಎಂದರು, ಯಾರಿಗೆಂದಿಲ್ಲದೆ. ವಾಲ್ವನ್ನು ರಬ್ಬರ್ ಬಳೆಯೊಳಗೆ ಕೂರಿಸಿದ ಮೇಲೆ ಆಯಿಲ್ ಜಿನುಗುವುದು ನಿಂತಿತು. ಎಂಜಿನ್ ಬಿಚ್ಚುವ ಪ್ರಮೇಯವೇ ಬರಲಿಲ್ಲ.

ಅಲ್ಲಿಂದಾಚೆಗೆ ಹೊಸ ಗಿರಾಕಿಗಳಿಗೆ ತಮ್ಮ ಕಿವಿಯ ಸಮಾಚಾರವನ್ನು ತಾವೇ ಮೊದಲು ಹೇಳತೊಡಗಿದರು. ಕೆಲವರು ಅಲ್ಲಿಂದಲೇ ಹಿಂದಿರುಗಿದರು. ಸದ್ದಿನ ಪರೀಕ್ಷೆ ಅತ್ತೆಯ ಪಾಲಿಗೆ ಬಂತು. ಆಕೆ ಟಿಕ್ ಎಂದರೆ ಮಾವ "ಸರಿಯಾಗಿ ಕೇಳಿಸ್ಕೋ" ಎಂದು ರೇಗುವರು, ಆಕೆ ವಾಲ್ವನ್ನು ಅವರ ಕೈಗೇ ಕುಕ್ಕುವರು.

ದೇಹವನ್ನೇ ಉಪಕರಣವಾಗಿಸಿಕೊಂಡು ಬದುಕಿದವರಿಗೆ ಮುಪ್ಪು ಏಕಾಂತದಲ್ಲಿ ಬರುವುದಿಲ್ಲ. ನಡುಹಗಲಿನಲ್ಲಿ, ಕೆಲಸದ ನಡುವೆ, ಪರರ ಎದುರಿಗೇ ಬಂದು ನಿಲ್ಲುತ್ತದೆ. ಆಗ ಬಹುಮಂದಿ ಜಗತ್ತೇ ಕೆಟ್ಟಿತೆಂದು ಕಡೆತನಕ ಸಾಧಿಸುತ್ತಾರೆ. ಅಪರೂಪದ ಕೆಲವರು ಮಾತ್ರ ಒಂದು ಗಳಿಗೆ ತಲೆತಗ್ಗಿಸಿ, ಪಕ್ಕದಲ್ಲಿರುವವರನ್ನು ನಂಬಿ, ಮತ್ತೆ ಕೆಲಸಕ್ಕೆ ಕೈಹಾಕುತ್ತಾರೆ. ಅಂಥವರ ಕೈಗೆ ನಾವು ಧೈರ್ಯವಾಗಿ ನಮ್ಮ ಗಾಡಿಯನ್ನು ಒಪ್ಪಿಸಬಹುದು.