ಹೆದರಿಸಲು ಬಡಿದ ಡಬ್ಬ

"ಜೋರಾಗಿ ಬಡೀರಿ, ಹೆದರಿ ಹಾರಿಹೋಗ್ತವೆ," ಎನ್ನುತ್ತ ಪಶುವೈದ್ಯೆ ತಗಡಿನ ಡಬ್ಬವನ್ನೂ ಒಂದು ಕೋಲನ್ನೂ ಗಿರಣಿಯಮ್ಮನ ಕೈಗಿತ್ತಳು.

ಡಾಕ್ಟರಮ್ಮ ಊರಿಗೆ ಬಂದು ನಾಲ್ಕೇ ದಿನ. ಪಾಪ, ಅವಳಿಗೇನು ಗೊತ್ತು? ಹದಿನಾಲ್ಕು ಚಳಿಗಾಲದಿಂದ ಗಿರಣಿಯಮ್ಮ ಕಾಡು ಸಾರಸಗಳನ್ನು ಊಟಕ್ಕೆ ಕರೆಯುತ್ತಿದ್ದುದೇ ಡಬ್ಬ ಬಡಿದು. ತನ್ನ ಹಿಟ್ಟಿನ ಗಿರಣಿಯಲ್ಲಿ ಚೆಲ್ಲಿದ ಕಾಳನ್ನೆಲ್ಲ ಗುಡಿಸಿ ತಂದು ಹಿಂದಿನ ಬಯಲಿಗೆ ಸುರಿದರೆ, ಆಳೆತ್ತರದ ಎಂಬತ್ತು ಹಕ್ಕಿಗಳು ಇಳಿಯುತ್ತಿದ್ದವು. ಎಷ್ಟು ಹಾಕಿದರೂ ಗೊಣಗುವ ಒಂದಕ್ಕೆ 'ಅತ್ತೆ' ಎಂದು ಹೆಸರಿಟ್ಟಿದ್ದಳು. "ನಮಗೆ ಒಂದು ಲೋಟ ನೀರು ಕೊಡೋಕೆ ಮುಖ ಸಿಂಡರಿಸ್ತಾಳೆ, ಅವಕ್ಕೆ ಮಾತ್ರ ಕರೆಕರೆದು ಬಡಿಸ್ತಾಳೆ," ಎಂದು ತಮ್ಮನ ಹೆಂಡತಿ ಆಡಿಕೊಳ್ಳುತ್ತಿದ್ದಳು.

ಈ ವರ್ಷ ಕೆಳಗಿನ ಕೆರೆಯಲ್ಲಿ ಹಕ್ಕಿಜ್ವರಕ್ಕೆ ಹನ್ನೊಂದು ಸಾರಸ ಸತ್ತಿದ್ದವು. "ಒಂದೇ ಕಡೆ ಮುತ್ತಿಕೊಂಡು ತಿಂದ್ರೆ ಒಂದರ ಹಿಕ್ಕೆ ಇನ್ನೊಂದರ ಹೊಟ್ಟೆಗೆ ಹೋಗುತ್ತೆ. ಚದುರಿದ್ರಷ್ಟೇ ಉಳೀತಾವೆ," ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದ್ದಳು. ಕಾಳು ನಿಲ್ಲಿಸಿ ಮೂರು ದಿನವಾಗಿತ್ತು. ಅರ್ಧಕ್ಕರ್ಧ ಹಕ್ಕಿಗಳು ದೂರದ ಹೊಲಗಳಿಗೆ ಹೋಗಿದ್ದವು. ಉಳಿದವು ಬಯಲಂಚಿನಲ್ಲಿ ಕಾದು ನಿಂತಿದ್ದವು.

ಡಬ್ಬ ಬಡಿದರೆ ಅವು ಬರುತ್ತವೆಂದು ಗಿರಣಿಯಮ್ಮ ಹೇಳಬೇಕಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಒಂದೇ ಒಂದು ಸಲ ಎಲ್ಲವನ್ನೂ ಹತ್ತಿರದಿಂದ ನೋಡಿಬಿಡುವ ಆಸೆ ಅವಳ ಬಾಯಿ ಕಟ್ಟಿತು. ಬಡಿದೇ ಬಿಟ್ಟಳು.

ದೂರ ಹೋಗಿದ್ದವೂ ತಿರುಗಿ ಬಂದವು. ಕಾಲು ಇಳಿಬಿಟ್ಟು, ಕೂಗುತ್ತ ಬಂದಿಳಿದು ಅವಳನ್ನು ಮುತ್ತಿಕೊಂಡವು. ಡಾಕ್ಟರಮ್ಮ ಕಕ್ಕಾಬಿಕ್ಕಿಯಾದಳು. "ಇದೇನಮ್ಮಾ ಇದು!"

"ಇವಕ್ಕೆ ಇದು ಊಟದ ಗಂಟೆ," ಎಂದಳು ಗಿರಣಿಯಮ್ಮ. ಮುಖ ಊರಗಲವಾಗಿತ್ತು.

ಕೊನೆಗೆ ಬಂದದ್ದು ಅತ್ತೆ. ಕತ್ತು ಒಂದು ಕಡೆ ವಾಲಿತ್ತು. ಎರಡು ಸಲ ಮುಗ್ಗರಿಸಿ, ಗುಂಪಿನ ನಟ್ಟನಡುವೆ ತೂರಿಕೊಂಡು, ಕಾಳಿಲ್ಲದ ನೆಲವನ್ನು ಕುಕ್ಕತೊಡಗಿತು. ಮಗ್ಗುಲಲ್ಲೇ ಈ ವರ್ಷದ ಮರಿಯೊಂದು ಅದೇ ಜಾಗಕ್ಕೆ ಕೊಕ್ಕು ಹಾಕಿತು.

ಅತ್ತೆಗೆ ಜ್ವರ ತಗುಲಿದೆಯೆಂದು ಗಿರಣಿಯಮ್ಮನಿಗೆ ಹೊಳೆಯಿತು. ಡಬ್ಬ ಬಿಸಾಕಿ ಮಣ್ಣಿನ ಹೆಂಟೆ ಎತ್ತಿ ಬೀಸಿದಳು. "ತೊಲಗಿ! ನಿಮ್ಮ ಕಾಲಿಗೆ ಬೀಳ್ತೀನಿ, ತೊಲಗಿ!" ಹಕ್ಕಿಗಳು ಮಿಸುಕಲಿಲ್ಲ, ಆಟವೆಂದುಕೊಂಡವೋ ಏನೋ. ಎರಡನೆಯ ಹೆಂಟೆ ಮರಿಯ ರೆಕ್ಕೆಗೆ ತಾಗಿತು. ಅದು ಚೀರಿದ್ದೇ ತಡ, ಗುಂಪೆಲ್ಲ ದಡಬಡನೆ ಮೇಲೆದ್ದಿತು.

ಅತ್ತೆಗೆ ಏಳಲಾಗಲಿಲ್ಲ. ಡಾಕ್ಟರಮ್ಮ ಕೈಗವಸು ಹಾಕಿಕೊಂಡು, "ನೀವು ಮುಟ್ಟಬೇಡಿ," ಎಂದಳು. ಮಧ್ಯಾಹ್ನದೊಳಗೆ ಅದು ಸತ್ತಿತು.

"ಗೊತ್ತಿದ್ದೂ ಬಡಿದೆ ಕಣಮ್ಮಾ," ಎಂದು ಗಿರಣಿಯಮ್ಮ ಅತ್ತುಬಿಟ್ಟಳು.

ಡಾಕ್ಟರಮ್ಮ ಕೈಗವಸು ಕಳಚಿದಳು. "ನಾನೂ ನಿಮ್ಮನ್ನ ಒಂದು ಮಾತು ಕೇಳಲಿಲ್ಲ."

ಮರುವಾರ ಇನ್ನೆರಡು ಸತ್ತವು. ಆಮೇಲೆ ಸಾವಿನ ಸುದ್ದಿ ಬರಲಿಲ್ಲ. ಒಂದು ಬೆಳಗ್ಗೆ ಡಾಕ್ಟರಮ್ಮನ ಫೋನು ಬಂತು: "ಹೇಗಿವೆ?"

ಗಿರಣಿಯಮ್ಮ ಫೋನು ಹಿಡಿದೇ ಹಿತ್ತಲಿಗೆ ಬಂದಳು. ದೂರದ ಹೊಲಗಳಲ್ಲಿ ಇಲ್ಲೆರಡು, ಅಲ್ಲಿ ಮೂರು ಸಾರಸಗಳು ಮೇಯುತ್ತಿದ್ದವು. ಅವಳನ್ನು ಮೊದಲು ಕಂಡದ್ದು ಹೆಂಟೆ ತಾಗಿದ್ದ ಮರಿ. ಕತ್ತೆತ್ತಿ ನೋಡಿ, ದಾಪುಗಾಲು ಹಾಕಿ ದೂರ ನಡೆಯಿತು. ಉಳಿದವೂ ತಲೆಯೆತ್ತಿ ನಿಂತವು.

"ಚೆನ್ನಾಗಿವೆ. ನನ್ನ ಕಂಡ್ರೆ ಆಗಲ್ಲ ಈಗ," ಎಂದಳು. ಅವು ಮತ್ತೆ ತಲೆ ತಗ್ಗಿಸಲೆಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.