ಹಗಲು ನಿದ್ದೆಗೊಂದು ಮನೆ

ಲಾವಣ್ಯ ಅರಸೀಕೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ರಾತ್ರಿ ಪಾಳಿಯನ್ನು ಅವಳೇ ಕೇಳಿ ಪಡೆದಿದ್ದಳು. ಮಲಗಿರುವವರ ನಡುವೆ ಎಚ್ಚರವಾಗಿರುವುದು ಅವಳಿಗೆ ಇಷ್ಟ. ಕಷ್ಟವಿದ್ದದ್ದು ಹಗಲಲ್ಲಿ. ಪೇಟೆ ಹಿಂದಿನ ಓಣಿಯ ಬಾಡಿಗೆ ಮನೆಗೆ ಶೀಟಿನ ಚಾವಣಿ. ಮಧ್ಯಾಹ್ನಕ್ಕೆ ಅದು ಕಾದ ಕಾವಲಿ. ಮುಖಕ್ಕೆ ಒದ್ದೆ ಟವೆಲ್ ಹಾಕಿಕೊಂಡು ಹೊರಳಾಡಿದರೂ ನಿದ್ದೆ ಹತ್ತುತ್ತಿರಲಿಲ್ಲ. ಒಮ್ಮೆ ಡ್ರಿಪ್ ಬಾಟಲಿ ಬದಲಿಸುತ್ತ ನಿಂತಲ್ಲೇ ಕಣ್ಣು ಮುಚ್ಚಿ, ಮಂಚ ಹಿಡಿದು ಕುಸಿದಳು. ರೋಗಿಗೇನೂ ಆಗಲಿಲ್ಲ. ಆದರೆ ಅವಳ ಎದೆಯಲ್ಲಿ ಭಯ ಉಳಿಯಿತು.

ಅದೇ ಓಣಿಯಲ್ಲಿ, ಎರಡು ಮನೆಗಳ ಸಂದಿಯಲ್ಲಿ, ಗಂಡ ಬೀರೇಶ್ ಒಂದು ಕಿರಿದಾದ ಸೈಟು ಕೊಂಡಿದ್ದ. ಬಸ್ ಕಂಡಕ್ಟರ್ ಆದ ಅವನು ರಜೆ ಹಾಕಿ, ಹೆಂಡತಿಯನ್ನು ಮನೆ ವಿನ್ಯಾಸ ಮಾಡುವ ಮೇಧಿನಿಯ ಬಳಿಗೆ ಕರೆದೊಯ್ದ.

"ಎಷ್ಟು ರೂಮು ಬೇಕು?" ಮೇಧಿನಿ ಕೇಳಿದಳು.

"ರೂಮಿನ ವಿಷಯ ನಂಗೊತ್ತಿಲ್ಲ ಮೇಡಂ," ಎಂದಳು ಲಾವಣ್ಯ. "ಹಗಲೊತ್ತು ನಿದ್ದೆ ಬರಂಗೆ ಮಾಡ್ಕೊಡಿ."

ಹಾಗೆ ಯಾರೂ ಮೇಧಿನಿಯನ್ನು ಕೇಳಿರಲಿಲ್ಲ. ಮರುದಿನ ಮಧ್ಯಾಹ್ನ ಮೇಧಿನಿ ಕೊಡೆ ಹಿಡಿದು ಆ ಸೈಟಿನಲ್ಲಿ ಸುಮ್ಮನೆ ಕುಳಿತಳು. ಎರಡೂ ಬದಿಯ ಗೋಡೆಗಳು ಬಿಸಿ ಉಗುಳುತ್ತಿದ್ದವು. ಪಡುವಣ ದಿಕ್ಕಿನ ಜವರಪ್ಪನ ತಗ್ಗು ಮನೆಯ ಮೇಲಿಂದ ಮಾತ್ರ ಆಗಾಗ ಒಂದು ತಣ್ಣನೆಯ ಎಳೆ ಬಂದು ಕೆನ್ನೆ ಸವರಿತು. ಮೇಧಿನಿಯ ತಂದೆ ಬೇಲೂರಿನ ಗುಡಿಯಲ್ಲಿ ಅರ್ಚಕರು. ಚಿಕ್ಕಂದಿನಲ್ಲಿ, ಅವರು ಪೂಜೆ ಮಾಡುವಷ್ಟು ಹೊತ್ತು ಅವಳು ಕಲ್ಲಿನ ಜಾಲಂಧ್ರಕ್ಕೆ ಮುಖವಿಟ್ಟು ನಿಲ್ಲುತ್ತಿದ್ದಳು. ತೂತುಗಳಿಂದ ನುಸುಳುವ ಗಾಳಿಗೆ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಅವಳು ಬರೆದು ತಂದ ಮನೆಯ ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದರಲ್ಲಿ ನೀರಿನ ಕಲ್ಲುತೊಟ್ಟಿ, ಒಂದು ಪಾರಿಜಾತ. ಪಡುವಣಕ್ಕೆ ಇಟ್ಟಿಗೆಯ ಜಾಲರಿ. ಮಲಗುವ ಕೋಣೆಯ ಮುಖ ಬೀದಿಗಲ್ಲ, ಅಂಗಳಕ್ಕೆ.

"ಇರೋದೇ ಅಂಗೈಯಗಲ," ಬೀರೇಶ್ ತಲೆ ಕೆರೆದ. "ಮಧ್ಯ ತೂತು ಬಿಟ್ರೆ ಮಳೆ ಒಳಗೇ ಸುರಿತೈತಲ್ಲ ಮೇಡಂ?"

"ಸುರೀಲಿ ಬಿಡ್ರೀ," ಎಂದಳು ಲಾವಣ್ಯ. ಅವಳ ಮುಖ ನೋಡಿ ಅವನು ಒಪ್ಪಿಕೊಂಡ.

ಮನೆ ಎದ್ದಿತು. ಬೆಳಿಗ್ಗೆ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಪಾರಿಜಾತದ ಹೂಗಳು ತೊಟ್ಟಿಯಲ್ಲಿ ತೇಲುತ್ತಿದ್ದವು. ಲಾವಣ್ಯ ಮಲಗಿದಳು, ನಿಜಕ್ಕೂ ಮಲಗಿದಳು.

ಕೆಲವು ತಿಂಗಳಾಗುವಷ್ಟರಲ್ಲಿ ಜವರಪ್ಪ ತನ್ನ ಮನೆಯ ಮೇಲೆ ಇನ್ನೊಂದು ಅಂತಸ್ತು ಕಟ್ಟಿಸಿದ. ಗಾಳಿ ನಿಂತಿತು. ಹೊಸ ಗೋಡೆ ಸಂಜೆಯವರೆಗೂ ಅಂಗಳಕ್ಕೆ ಝಳ ಬೀರತೊಡಗಿತು. ಒದ್ದೆ ಟವೆಲ್ ಮತ್ತೆ ಹೊರಬಂತು.

ಮೇಧಿನಿ ಬಂದು ಜಾಲರಿಗೆ ಅಂಗೈ ಹಿಡಿದಳು. ಏನೂ ಇಲ್ಲ. ಜವರಪ್ಪನನ್ನು ಕೇಳಿಕೊಂಡು ಅವನ ತಾರಸಿ ಹತ್ತಿದಳು. ಗಾಳಿ ಅಲ್ಲಿ ಅವಳ ಸೆರಗನ್ನು ಎಳೆದಾಡಿತು. ಎಲ್ಲಿಗೂ ಹೋಗಿರಲಿಲ್ಲ ಅದು, ಮೇಲೇರಿತ್ತು ಅಷ್ಟೇ. ಲಾವಣ್ಯಳ ಮನೆಯ ಮೆಟ್ಟಿಲ ಗೂಡನ್ನು ಆ ಎತ್ತರಕ್ಕೆ ಏರಿಸಿ, ಪಡುವಣಕ್ಕೆ ಬಾಯಿ ತೆರೆದು, ಗಾಳಿಯನ್ನು ತೊಟ್ಟಿಯ ನೀರಿನ ಮೇಲೆ ಇಳಿಸಬಹುದು. ಉಳಿದದ್ದು ಗೋಡೆ.

"ನಿಮ್ಮ ಗೋಡೆ ಮುಂದೆ ಬಳ್ಳಿ ಹಬ್ಬಿಸ್ಲಾ?" ಎಂದು ಜವರಪ್ಪನನ್ನು ಕೇಳಿದಳು.

"ಗ್ವಾಡೆ ಹಾಳಾಗಲ್ವೇನವ್ವ?"

"ತಂತಿ ಮೇಲೆ ಹಬ್ಬಿಸ್ತೀನಿ, ಗೋಡೆ ಮುಟ್ಟಲ್ಲ. ಒಳಗಡೆಯಿಂದ ಒಂದ್ಸಲ ಕೈಯಿಟ್ಟು ನೋಡಿ."

ಜವರಪ್ಪ ಕೈಯಿಟ್ಟು ಥಟ್ಟನೆ ಹಿಂತೆಗೆದ. ಅವನ ಮಂಚವಿದ್ದದ್ದು ಅದೇ ಗೋಡೆಗೆ. "ಹೂ ಬಿಡೋ ಬಳ್ಳಿನೇ ಹಾಕು ಹಂಗಾರೆ," ಎಂದ.

ಮೆಟ್ಟಿಲ ಗೂಡು ಮೇಲೇರಿತು, ಮುಂದಿನ ಬೇಸಿಗೆಗೆ ಆ ಗೋಡೆ ಹಸಿರಾಯಿತು. ಒಂದು ಮಧ್ಯಾಹ್ನ ಲಾವಣ್ಯ ಒರಗಿದಾಗ ಚಾವಣಿಯ ಮೇಲೆ ನೀರಿನ ಬೆಳಕು ಅಲೆಯಾಡುತ್ತಿತ್ತು. ರೈಲಿನ ಕೂಗು ಕೆರೆಯಾಚೆಯಿಂದ ಬಂದಷ್ಟು ಮೆತ್ತಗೆ ಕೇಳಿತು. ಮೇಲಿನ ಕಿಟಕಿಯಲ್ಲಿ ಜವರಪ್ಪ ಯಾರಿಗೋ ಗದರುತ್ತಿದ್ದ: "ಮೆಲ್ಲಗೆ ಮಾತಾಡ್ಲಾ, ಕೆಳಗೆ ಆ ಹೆಣ್ಣು ಮಲಗೈತೆ." ಆ ಮಾತು ಮುಗಿಯುವ ಮೊದಲೇ ಅವಳು ಎಲೆಗಳ ನಡುವೆ ಎಲ್ಲೋ ತೇಲಿ ಹೋಗಿದ್ದಳು. ಎದ್ದಾಗ ದೀಪ ಹಚ್ಚುವ ಹೊತ್ತು. ಬೆಳಗೋ ಸಂಜೆಯೋ ತಿಳಿಯದೆ ಸ್ವಲ್ಪ ಹೊತ್ತು ನಗುತ್ತ ಕುಳಿತಳು.

ಅಂದು ರಾತ್ರಿ ವಾರ್ಡಿನಲ್ಲಿ ಬಾಣಾವರದ ಅಜ್ಜಿಯೊಬ್ಬಳು ಅವಳ ಕೈ ಹಿಡಿದಳು. "ಏನವ್ವ, ಮುಖ ಇಷ್ಟು ತಿಳಿಯಾಗೈತೆ?"

"ಚೆನ್ನಾಗಿ ನಿದ್ದೆ ಮಾಡ್ದೆ ಅಜ್ಜಿ."

"ನಂಗೂ ವಸಿ ಕೊಡು. ನಿದ್ದೇನೇ ಬತ್ತಿಲ್ಲ."

ಲಾವಣ್ಯ ಸ್ಟೂಲು ಎಳೆದು ಕುಳಿತು, ಹೂ ತೇಲುವ ನೀರಿನ ಬಗ್ಗೆ, ಮೇಲಿನಿಂದ ಇಳಿಯುವ ಗಾಳಿಯ ಬಗ್ಗೆ ನಿಧಾನವಾಗಿ ಹೇಳತೊಡಗಿದಳು. ಅಜ್ಜಿಯ ಹಿಡಿತ ಮೆಲ್ಲನೆ ಸಡಿಲವಾಗಿ, ಸಣ್ಣ ಗೊರಕೆ ಕೇಳಿಸಿತು.