ತಿರುಚಿದ ಗೆರೆ

ಕನ್ನಡಕದ ಗಾಜನ್ನು ಒರೆಸಿ ಹೆಂಡತಿ ಅದನ್ನು ಗಂಡನ ಕಿವಿಗೆ ಸಿಕ್ಕಿಸುತ್ತಿದ್ದಳು.

"ಹಾಕೇ ಕಳಿಸೋಣಮ್ಮ. ಇಲ್ದಿದ್ರೆ ಅಪ್ಪಂಗೆ ಏನೂ ಕಾಣಲ್ಲ," ಎಂದಳು ಮಗಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

ಎಲ್ಲರೂ ಮೂಳೆ ಮೇಷ್ಟ್ರೆಂದು ಕರೆಯುತ್ತಿದ್ದ ಮನುಷ್ಯ. ಮೂವತ್ತೆಂಟು ವರ್ಷ ಮ್ಯೂಸಿಯಮ್ಮಿನ ಹಿಂದಿನ ಕೋಣೆಯಲ್ಲಿ, ಅಗೆದು ತಂದ ಹಳೆಯ ಎಲುಬುಗಳನ್ನು ಹರವಿಕೊಂಡು, ಯಾರಿಗೆ ಎಲ್ಲಿ ಪೆಟ್ಟು ಬಿತ್ತು, ಹೇಗೆ ಬಿತ್ತು ಎಂದು ಬರೆದಿಟ್ಟವರು. ಸತ್ತವರ ಕುಶಲ ವಿಚಾರಿಸಿದಷ್ಟು ಬದುಕಿದ್ದವರದ್ದು ವಿಚಾರಿಸಲಿಲ್ಲ ಎಂದು ನೆಂಟರು ಆಡಿಕೊಳ್ಳುತ್ತಿದ್ದರು. ನೆಂಟರಿಗೇನು, ಎಲುಬಿಲ್ಲದ ನಾಲಿಗೆ.

ಶವದ ಗಾಡಿ ನಾಲ್ಕು ಗಂಟೆಗೆ ಬರುವುದಿತ್ತು. ಅಷ್ಟರೊಳಗೆ ಹೆಂಡತಿ ಮಗಳಿಗೆ ಒಂದು ಮಾತು ಹೇಳಬೇಕಿತ್ತು.

"ಎಲುಬು ಜೋಡಿಸೋದ್ರಲ್ಲಿ ಅಣ್ಣನ್ನ ಮೀರಿಸೋರಿಲ್ಲ. ಮಗು ಎತ್ಕೊಳ್ಳೋಕೆ ಮಾತ್ರ ಬರ್ತಿರ್ಲಿಲ್ಲ," ಎಂದಳು ಮೇಷ್ಟ್ರ ತಂಗಿ, ಅಳುವಿನ ನಡುವೆಯೇ ನಗುತ್ತ. "ಇವಳಿಗೆ ಎಂಟು ತಿಂಗಳಾದಾಗ ಕೈ ಜಾರಿಸಿ ತೋಳು ಮುರಿದುಬಿಟ್ಟ. ಆಮೇಲೆ ನಮ್ಮ ಮನೆಗಳಲ್ಲಿ ಯಾರೂ ಅವನ ಕೈಗೆ ಕೂಸು ಕೊಡ್ಲಿಲ್ಲ."

"ನಾನೂ ಕೊಡ್ಲಿಲ್ಲ ಅತ್ತೆ." ಮಗಳ ತೊಡೆಯ ಮೇಲೆ ಅವಳ ಎರಡು ತಿಂಗಳ ಮಗು ಮಲಗಿತ್ತು. "ಹೋದ ವಾರಾನೂ ಕೇಳಿದ್ರು, ಒಂದೇ ಸಲ ಕೊಡು ಅಂತ. ಹಾಸಿಗೆ ಮೇಲೆ ಮಲಗಿಸ್ತೀನಿ, ನೋಡ್ಕೊಳ್ಳಿ ಅಂದೆ. ಮಗು ಪಕ್ಕದಲ್ಲಿ ಕೈ ಕಟ್ಕೊಂಡು ಕೂತಿದ್ರು."

*

ಮದುವೆಯಾದ ಹೊಸತರಲ್ಲಿ ಮೇಷ್ಟ್ರು ಹೆಂಡತಿಯನ್ನು ಆ ಹಿಂದಿನ ಕೋಣೆಗೆ ಕರೆದೊಯ್ದು, ಮರಳು ತುಂಬಿದ ತಟ್ಟೆಯಲ್ಲಿದ್ದ ಒಂದು ಪುಟ್ಟ ತೋಳಿನ ಎಲುಬು ತೋರಿಸಿದ್ದರು. ಎರಡು ಸಾವಿರ ವರ್ಷ ಹಿಂದಿನ ಮಗುವಿನದು.

"ಗೆರೆ ನೋಡು, ಬಳ್ಳಿ ಥರ ಸುತ್ಕೊಂಡು ಹೋಗಿದೆ. ಬರೀ ಬಿದ್ದಿದ್ರೆ ಹೀಗಾಗಲ್ಲ. ಯಾರೋ ತಿರುಚಿದಾರೆ."

"ಯಾರು?"

"ಅದನ್ನ ಎಲುಬು ಹೇಳಲ್ಲ. ಯಾಕೆ ಅಂತಾನೂ ಹೇಳಲ್ಲ. ಹಾಗಾಗಿ ನಾನೂ ಬರೆಯಲ್ಲ."

ಮಗಳಿಗೆ ಎಂಟು ತಿಂಗಳು ತುಂಬಿದಾಗ, ಮೂರು ದಿನ ಕಣ್ಣಿಗೆ ನಿದ್ದೆಯಿಲ್ಲದ ಒಂದು ಮಧ್ಯಾಹ್ನ, ಅಳು ನಿಲ್ಲಿಸದ ಕೂಸಿನ ತೋಳನ್ನು ಅವಳು ಹಿಡಿದು ತಿರುಚಿದಳು. ಒಂದೇ ಸಲ. ಗಂಡನಿಗೆ, ಮಂಚದಿಂದ ಬಿತ್ತು ಎಂದಳು.

ಆಸ್ಪತ್ರೆಯಲ್ಲಿ ಮೇಷ್ಟ್ರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು. ಡಾಕ್ಟರು ಬಂದು, ಹೇಗಾಯಿತು ಎಂದು ತಾಯಿಯ ಮುಖ ನೋಡಿದಾಗ ಅವರೇ ಅಡ್ಡ ಬಂದರು.

"ನನ್ನ ಕೈಯಿಂದ ಜಾರ್ತು ಡಾಕ್ಟ್ರೇ. ಬೀಳೋವಾಗ ತೋಳು ಹಿಡ್ಕೊಂಡೆ. ಮೈ ತಿರುಗಿಬಿಡ್ತು."

ಗೆರೆಗೆ ತಕ್ಕ ಸುಳ್ಳು. ಅಷ್ಟು ಸರಿಯಾದ ಸುಳ್ಳನ್ನು ಅವರಲ್ಲದೆ ಇನ್ನಾರೂ ಹೇಳಲಾರರು. ಆಮೇಲೆ ಮೂವತ್ತೊಂದು ವರ್ಷ ಗಂಡಹೆಂಡಿರ ನಡುವೆ ಆ ಮಾತು ಬರಲೇ ಇಲ್ಲ. ನೆಂಟರು ನಕ್ಕಾಗಲೆಲ್ಲ ಮೇಷ್ಟ್ರೂ ನಗುತ್ತಿದ್ದರು. ಅವಳು ಏನೋ ಕೆಲಸ ಹುಡುಕಿಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು.

*

ಗಾಡಿ ಬಂದು ಬಾಗಿಲ ಮುಂದೆ ನಿಂತಿತು.

"ಅಪ್ಪ ಬೀಳಿಸ್ಲಿಲ್ಲ," ಎಂದಳು ಹೆಂಡತಿ.

ಮಗಳು ತಲೆಯೆತ್ತಿದಳು.

"ನಾನು ತಿರುಚಿದ್ದು. ನಿನ್ನ ಅಳು ನಿಲ್ತಿರ್ಲಿಲ್ಲ. ಎಕ್ಸ್‌ರೇ ನೋಡಿದ ತಕ್ಷಣ ಅವ್ರಿಗೆ ಗೊತ್ತಾಯ್ತು. ತಮ್ಮ ಮೇಲೆ ಹಾಕ್ಕೊಂಡ್ರು. ನಾನು ಸುಮ್ಮನಿದ್ದುಬಿಟ್ಟೆ."

"ಅತ್ತಿಗೆ, ಈ ಹೊತ್ತಲ್ಲಿ ಇದೇನು..." ಎಂದು ಶುರುಮಾಡಿದ ಮೇಷ್ಟ್ರ ತಂಗಿ ಅರ್ಧಕ್ಕೇ ನಿಲ್ಲಿಸಿದಳು.

ಮಗಳು ತಾಯಿಯನ್ನೇ ನೋಡಿದಳು.

"ಹೋದ ವಾರ ಅಪ್ಪ ಮಗೂನ ಕೇಳಿದಾಗ ನೀನು ಅಲ್ಲೇ ಇದ್ದೆ. ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದೆ."

"ಹೌದು."

"ಆಗಲೂ ಹೇಳ್ಲಿಲ್ಲ."

ಹೆದರಿಕೆ ಎಂದರೂ ಸುಳ್ಳು, ಮರೆತಿದ್ದೆ ಎಂದರೂ ಸುಳ್ಳು. ಸುಮ್ಮನಿರುವುದು ತಾಯಿಗೆ ಅಭ್ಯಾಸವಾಗಿಹೋಗಿತ್ತು, ಅಷ್ಟೇ.

ಮಗಳು ಮಗುವನ್ನೆತ್ತಿಕೊಂಡು ಅಪ್ಪನ ಪಕ್ಕ ಮಂಡಿಯೂರಿದಳು. ತಣ್ಣಗಾದ ತೋಳಿನ ಮೇಲೆ ಮಗುವನ್ನು ಮೆಲ್ಲಗೆ ಒರಗಿಸಿದಳು. ಎಳೆಯ ಕತ್ತು ಒಂದು ಕಡೆ ವಾಲಿತು. ತಾಯಿ ಥಟ್ಟನೆ ಬಗ್ಗಿ ಎರಡೂ ಕೈ ಚಾಚಿದಳು.

"ಬೇಡ," ಎಂದಳು ಮಗಳು, ತಿರುಗಿಯೂ ನೋಡದೆ. "ಅಪ್ಪ ಹಿಡ್ಕೊಂಡಿದಾರೆ."

ಗಾಡಿಯವರು ಒಳಗೆ ಬಂದು ಗೋಡೆ ಬದಿಗೆ ಸರಿದು ನಿಂತರು. ತಾಯಿಯ ಕೈಗಳು ಚಾಚಿದಲ್ಲೇ ಇದ್ದವು.